ನಲವತ್ತೊಂದನೇ ನಂಬರಿನ ಮನೆ

“ಎದ್ದೇಳ ಬೋಳಿ! ಗೋಡಿ ಮೈಮ್ಯಾಲ ಬಿದ್ರ ನಿನ್ನ ಹೆಣಾನೂ ನಾನೇ ಎತ್ತಬೇಕೇನ?”

ಗುತ್ತಿಗೆದಾರ ಬಸವಂತ್ರಾಯ ಒದರುತ್ತಿದ್ದುದು ಸಾಯಬಮ್ಮನ ಮೇಲೆ. ಅವಳು ನನ್ನ ಪಕ್ಕದ ಮನೆಯವಳು. ಗಂಡ ಸತ್ತು ಹದಿನೆಂಟು ವರ್ಷ, ಮಕ್ಕಳಿಲ್ಲ. ತನ್ನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಎದುರಿಗೆ ಜೆಸಿಬಿ ಗುರುಗುಡುತ್ತಿತ್ತು. ಬೆಳಗಿನಿಂದ ಅದು ನಲವತ್ತು ಮನೆ ಕೆಡವಿತ್ತು, ನನ್ನದೂ ಸೇರಿ. ತಗಡು, ಕೊಡ, ಹಾಸಿಗೆ ಒಂದು ಕಡೆ ಒಟ್ಟಿ ನಾನು ಅದರ ಪಕ್ಕ ನಿಂತಿದ್ದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ.

“ಅಕಿ ಮನಿ ಕೆಡವೋ ಲಿಸ್ಟಿನಾಗ ಇಲ್ರಿ,” ಎಂದೆ.

“ಗೋಡಿ ಮ್ಯಾಲ ನಲವತ್ತೊಂದು ಅಂತ ಬರದದ. ಕಣ್ಣಾಗ ಸಗಣಿ ಬಿದ್ದದೇನಲೇ?”

“ಅದು ನಾ ಬರದದ್ರಿ.”

ಹೌದು, ನಾನೇ ಬರೆದದ್ದು. ದಸರೆಗೆ ಮುಂಚೆ ಯೋಜನೆಯವರು ಟೇಪು ಹಿಡಿದು ಬಂದಿದ್ದರು. ಸುರಪುರದ ಕೋಟೆಗೋಡೆಯ ಸುತ್ತ ಚಂದ ಮಾಡುತ್ತಾರಂತೆ. ನೋಡಲು ಬರುವವರಿಗೆ ತೋಟ, ಬಣ್ಣದ ದೀಪ, ಫೋಟೋ ಹೊಡೆಸಿಕೊಳ್ಳಲು ಕಟ್ಟೆ. ಇದನ್ನೆಲ್ಲ ಆಗ ನಮಗೆ ಯಾರೂ ಹೇಳಲಿಲ್ಲ. ಮನೆಮನೆಗೂ ಕೆಂಪು ಬಣ್ಣದಲ್ಲಿ ನಂಬರು ಬರೆದು, ನನ್ನ ಮನೆಗೆ ನಲವತ್ತು ಹಾಕಿ ಹೋದರು. ಅಪ್ಪಂದಿರ ಕಾಲದಿಂದ ಹಕ್ಕುಪತ್ರಕ್ಕೆ ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆಸಿದವರು ನಾವು. ನಂಬರು ಬಿತ್ತೆಂದರೆ ಹಕ್ಕುಪತ್ರ ಬಂದಂತೆಯೇ ಎಂದುಕೊಂಡೆವು. ಓಣಿಯ ಹೆಂಗಸರು ನಂಬರಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಬುದ್ಧವಂದನೆ ಬಿಟ್ಟು ಬೇರೆ ಪೂಜೆ ಅರಿಯದ ನನ್ನ ಹೆಂಡತಿ ಪಂಚಶೀಲಾ ಕೂಡ ಅಂಗಡಿಗೆ ಓಡಿ ಒಂದು ಕಾಯಿ ತಂದಳು.

ಸಾಯಬಮ್ಮನ ಮನೆ ನನ್ನದಕ್ಕೆ ಹತ್ತಿದ್ದರೂ ತಿರುವಿನಾಚೆ, ಬಂಡೆಗೆ ಆತುಕೊಂಡಿತ್ತು. ಅಲ್ಲಿಗೆ ಟೇಪು ಹೋಗಲೇ ಇಲ್ಲ. ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. “ನಾ ಏನ್ ಪಾಪ ಮಾಡೇನಿ ತಮ್ಮಾ, ನನಗೊಬ್ಬಾಕಿಗೇ ನಂಬರ್ ಇಲ್ಲಲ್ಲ?” ಎಂದು ಅತ್ತಳು. ನಾನು ಸುಣ್ಣ ಬಣ್ಣ ಬಳಿಯುವ ಕೂಲಿ, ಡಬ್ಬಿಯಲ್ಲಿ ಕೆಂಪು ಉಳಿದಿತ್ತು. ಅವಳ ಬಾಗಿಲ ಪಕ್ಕ ಗೋಡೆಗೆ ಕೂರಿಸಿದ್ದ ಪರಸಿ ಕಲ್ಲಿನ ಅಗಲ ಚಪ್ಪಡಿಯ ಮೇಲೆ ನಲವತ್ತೊಂದು ಬರೆದುಕೊಟ್ಟೆ. ಸರಕಾರದ ನಂಬರಿಗಿಂತ ನನ್ನದೇ ದುಂಡಗಿತ್ತು. ಅವಳು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಕೈಯನ್ನು ಕಡಿದು ಎಸೆಯಬೇಕು ಅನಿಸುತ್ತದೆ ಈಗ.

“ನಿನ್ನ ಹೆಸರೇನಲೇ?” ಬಸವಂತ್ರಾಯ ಕೇಳಿದ.

“ಶ್ರೀಮಂತ ಅಂತ್ರಿ.”

“ಹರಕ ಅಂಗಿ ಶ್ರೀಮಂತ ಸರಕಾರದ ನಂಬರ್ ಬರದಾನಂತ ನೋಡ್ರಪಾ! ಮುದುಕಿ ಮನಿ ಉಳಸಾಕ ಸುಳ್ಳ ಹೇಳ್ತಿ ಏನಲೇ ಸೂಳಿಮಗನ?”

“ಲಿಸ್ಟ್ ತಗದು ನೋಡ್ರಿ.”

“ಲಿಸ್ಟ್ ಆಫೀಸಿನಾಗದ. ನನಗ ಗೋಡಿನೇ ಲಿಸ್ಟ್.”

ಡ್ರೈವರನಿಗೆ ಕೈ ಬೀಸಿದ. ಇಬ್ಬರು ಸಾಯಬಮ್ಮನ ರಟ್ಟೆ ಹಿಡಿದು ಕಟ್ಟೆಯಿಂದ ಎಳೆದರು. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಮನೆ ನೆಲಕ್ಕೆ ಬಿತ್ತು. ಒಲೆಯ ಮೇಲಿದ್ದ ಬ್ಯಾಳಿಯೂ ಮಣ್ಣಾಯಿತು.

ಮರುದಿನ ಯೋಜನೆಯ ತಗಡಿನ ಶೆಡ್ಡಿನಲ್ಲಿ ಮನೆ ಹೋದವರಿಗೆ ಬದಲಿ ಜಾಗದ ಚೀಟಿ ಹಂಚಿದರು. ಕಕ್ಕೇರಾ ರಸ್ತೆಯಲ್ಲಿ ಎಲ್ಲೋ ಒಂದು ಬಯಲು. ಗುಮಾಸ್ತ ರೇವಣಸಿದ್ದ ಚೀಟಿಯನ್ನು ನಮ್ಮ ಕೈಗೆ ಕೊಡುತ್ತಿರಲಿಲ್ಲ. ಬೆರಳು ತಾಗದ ಹಾಗೆ ಮೇಜಿನ ತುದಿಗಿಟ್ಟು ಪೆನ್ನಿನಿಂದ ದೂಡುತ್ತಿದ್ದ. ನನ್ನದು ಕೊಟ್ಟು ಪುಸ್ತಕ ಮುಚ್ಚಿದ.

“ನಂದು ನಲವತ್ತೊಂದ್ರಿ,” ಎಂದಳು ಸಾಯಬಮ್ಮ.

“ಅಂಥಾ ನಂಬರೇ ಇಲ್ಲ.”

“ನಿನ್ನಿ ಕೆಡವ್ಯಾರಲ್ರಿ, ಯಪ್ಪಾ?”

“ಇಲ್ಲದ ಮನಿ ಹ್ಯಾಂಗ ಕೆಡವ್ತಾರಬೇ? ನಡಿ ಹೊರಗ. ನಿಮ್ಮ ಮಂದಿಗಿ ಎಷ್ಟ್ ಕೊಟ್ರೂ ಸಾಲಂಗಿಲ್ಲ.”

ನಾನು ಬಾಯಿ ಬಿಡಲಿಲ್ಲ. ಚೀಟಿ ಜೇಬಿನಲ್ಲಿತ್ತು, ಮಾತಾಡಿದರೆ ಕಸಿದುಕೊಂಡಾರು ಎಂಬ ಹೆದರಿಕೆ. ಇದನ್ನು ಮುಚ್ಚಿಟ್ಟು ನನಗೆ ಆಗಬೇಕಾದ್ದೇನೂ ಇಲ್ಲ.

ಸಾಯಬಮ್ಮ ಅಳಲಿಲ್ಲ. ನೇರ ತನ್ನ ಮನೆ ಇದ್ದಲ್ಲಿಗೆ ಹೋಗಿ ಕೈಯಿಂದಲೇ ಮಣ್ಣು ಕೆದರಿದಳು. ಪರಸಿ ಕಲ್ಲು ಸಿಕ್ಕಿತು, ಒಂದು ಮೂಲೆ ಮುಕ್ಕಾಗಿತ್ತು. ಎತ್ತಲು ನೋಡಿದಳು, ಆಗಲಿಲ್ಲ. ಹಿಂದೆ ಬಂದು ನಿಂತಿದ್ದ ನನ್ನತ್ತ ತಿರುಗಿಯೂ ನೋಡದೆ, “ಆ ಕಡಿ ಹಿಡಿ,” ಎಂದಳು.

ಹಿಡಿದೆ. ಇಬ್ಬರೂ ಹೊತ್ತು ತಂದು ಶೆಡ್ಡಿನ ಬಾಗಿಲಿಗೆ ಅಡ್ಡ ಇಟ್ಟೆವು. ಸಾಯಬಮ್ಮ ಅದರ ಮೇಲೆ ಕೂತಳು. ಉಳಿದ ಜಾಗದಲ್ಲಿ ನಾನು ಕೂತೆ.

ಮಧ್ಯಾಹ್ನ ರೇವಣಸಿದ್ದ ಊಟಕ್ಕೆಂದು ಎದ್ದು ಬಂದ. “ಏಳ್ರಿ ಅತ್ತಾಗ, ದಾರಿ ಬಿಡ್ರಿ.”

“ನಾ ನನ್ನ ಮನ್ಯಾಗ ಕುಂತೀನಿ,” ಎಂದಳು ಸಾಯಬಮ್ಮ.

ಬಾಗಿಲು ಇಕ್ಕಟ್ಟು. ಹೊರಗೆ ಬರಬೇಕೆಂದರೆ ನಮ್ಮಿಬ್ಬರನ್ನು ಮುಟ್ಟಿಕೊಂಡೇ ಬರಬೇಕು. ಅವನು ಒಂದು ಕಾಲು ಮುಂದಿಟ್ಟ, ಪಂಚೆ ಎತ್ತಿ ಹಿಡಿದ, ಹಿಂದೆ ಸರಿದ.

“ಬರ್ರಿ,” ಎಂದೆ. “ಮುಟ್ಟಿ ಬರ್ರಿ.”

ಅವನು ಒಳಗೇ ನಿಂತ.