ಲೂಪೆಯ ಹದಿನೇಳು ಹಾಡು

ಟೋಂಗಾದಲ್ಲಿ ಸೋದರತ್ತೆಗೆ ಎದುರಾಡುವವನು ಇನ್ನೂ ಹುಟ್ಟಿಲ್ಲ. ನನ್ನಪ್ಪನೇ ಅಕ್ಕನ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತಿದ್ದ. ಕಂಪ್ಯೂಟರ್ ರಿಪೇರಿಯ ನಾನು ಯಾವ ಗಿಡದ ತೊಪ್ಪಲು?

ಫುಸಿ ಅತ್ತೆಗೆ ಒಬ್ಬಳೇ ಮಗಳು, ಲೂಪೆ. ಚರ್ಚಿನಲ್ಲಿ ಅವಳ ದನಿ ಎದ್ದರೆ ಹಿಂದಿನ ಸಾಲಿನ ಗಂಡಸರೂ ತೂಕಡಿಕೆ ಬಿಡುತ್ತಿದ್ದರು. ಹೋದ ವರ್ಷ ಜ್ವರ ಬಂದು ಹೋಗಿಬಿಟ್ಟಳು. ಅವಳು ಹಾಡಿ ಇಟ್ಟುಕೊಂಡಿದ್ದ ಹದಿನೇಳು ಹಾಡು ಅವಳ ಲ್ಯಾಪ್‌ಟಾಪಿನಲ್ಲಿ, ಕಚೇರಿಯ ಇಮೇಲ್‌ನೊಳಗೆ ಇದ್ದವು.

ಆ ಲ್ಯಾಪ್‌ಟಾಪ್ ಪೂರ್ತಿ ಕೆಟ್ಟು ಮೂಲೆ ಸೇರುವ ಮೊದಲೇ ಅದನ್ನು ಇದ್ದ ಹಾಗೆ ನನ್ನ ಕಂಪ್ಯೂಟರಿನೊಳಗೆ ವರ್ಚುವಲ್ ಮೆಷೀನ್ ಮಾಡಿ ಇಳಿಸಿದೆ: ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್. ಇನ್ನೊಂದು ಪ್ರತಿ ತೆಗೆದಿಡುತ್ತೇನೆ ಎಂದರೆ, ನನ್ನ ಮಗಳನ್ನು ಎರಡು ಮಾಡಬೇಡ ಎಂದರು ಅತ್ತೆ. ಮಾಡಲಿಲ್ಲ. ಲೂಪೆ ಹೋದ ಮೇಲೆ ಅವಳ ಕಚೇರಿಯವರು ಆ ಇಮೇಲ್ ಖಾತೆಯನ್ನು ಬರಿದು ಮಾಡಿದ್ದರು. ಈ ಮೆಷೀನ್ ಇಂಟರ್ನೆಟ್ ಕಂಡರೆ ಸಾಕು, ಅಲ್ಲಿ ಇಲ್ಲದ್ದನ್ನು ಇಲ್ಲೂ ಅಳಿಸಿಬಿಡುತ್ತದೆ. ಅದಕ್ಕೇ ನೆಟ್‌ವರ್ಕನ್ನು ಹೋಸ್ಟ್-ಓನ್ಲಿ ಮಾಡಿಟ್ಟಿದ್ದೆ. ನನ್ನ ಕಂಪ್ಯೂಟರ್ ಬಿಟ್ಟರೆ ಅದಕ್ಕೆ ಯಾರ ಜೊತೆಗೂ ಮಾತಿಲ್ಲ.

ವರ್ಷದ ಸೂತಕ ಮುಗಿದ ಬೆಳಿಗ್ಗೆ ಅತ್ತೆ ಕಪ್ಪು ಬಟ್ಟೆ ತೆಗೆದರು, ನಮ್ಮ ರೂಢಿಯಂತೆ ಸೂತಕದ ಗುರುತಾಗಿ ಸೊಂಟಕ್ಕೆ ಸುತ್ತಿದ್ದ ಹರಕು ಚಾಪೆ ಬಿಚ್ಚಿದರು. ಅಂಗಳದ ತುಂಬ ನೆಂಟರು. ನನ್ನ ಕೋಣೆಗೆ ಒಬ್ಬೊಬ್ಬರೇ ಬಂದು ಹಾಡು ಕೇಳುವುದು ಅತ್ತೆಗೆ ಸರಿಬರಲಿಲ್ಲ.

"ಲೂಪೆ ಯಾವತ್ತೂ ಒಬ್ಳೇ ಕೂತು ಉಂಡೋಳಲ್ಲ. ಅವಳ ಹಾಡೂ ಎಲ್ಲರ ಫೋನಿಗೂ ಬರ್ಲಿ ಕಣೋ ಮನಾಸೆ."

ಹಾಗೆ ಬರಬೇಕಾದರೆ ಬ್ರಿಡ್ಜ್ ಮೋಡ್ ಹಾಕಬೇಕು. ಆಗ ಮೆಷೀನ್ ನೇರವಾಗಿ ಮನೆಯ ವೈಫೈ ಸೇರುತ್ತದೆ, ಅಲ್ಲಿಂದ ಇಂಟರ್ನೆಟ್ಟನ್ನೂ. ಮೊದಲು ಇಂಟರ್ನೆಟ್ ಕಿತ್ತಿಡೋಣ ಎಂದರೆ ಆಕ್ಲೆಂಡಿನ ಚಿಕ್ಕತ್ತೆ ವಿಡಿಯೊ ಕರೆಯಲ್ಲಿ ಕಾಯುತ್ತಿದ್ದರು. ಅವಳಿಗೂ ಕೇಳಲಿ ಎಂದರು ಅತ್ತೆ. ನಾನೂ ಅಪ್ಪನಂತೆ ತಲೆ ಬಗ್ಗಿಸಿದೆ. ಮೋಡ್ ಬದಲಾಯಿಸಿದೆ.

ಎರಡು ಹಾಡು ಅಂಗಳದ ಎಲ್ಲ ಫೋನಿನಲ್ಲೂ ಕೇಳಿತು. ಹೆಂಗಸರು ದನಿಗೂಡಿಸಿದರು. ಮೂರನೆಯದು ಅರ್ಧಕ್ಕೇ ನಿಂತಿತು. ನನ್ನ ಪರದೆಯ ಮೇಲೆ ಹಾಡಿನ ಪಟ್ಟಿ ಒಂದೊಂದೇ ಸಾಲು ಕರಗುತ್ತಿತ್ತು. ಇಂಟರ್ನೆಟ್ಟಿನ ತಂತಿ ಕಿತ್ತೆಸೆದೆ. ಒಂದೂ ಉಳಿದಿರಲಿಲ್ಲ. ನನ್ನ ಕೈಯಾರೆ ಅವಳನ್ನು ಎರಡನೇ ಸಲ ಕಳೆದುಕೊಂಡಿದ್ದೆ.

ಅತ್ತೆ ಬೈಯಲಿಲ್ಲ.

"ಹಿಂಗಾಗುತ್ತೆ ಅಂತ ಗೊತ್ತಿತ್ತೇನೋ ನಿಂಗೆ?"

"ಗೊತ್ತಿತ್ತು ಅತ್ತೆ."

"ಮತ್ಯಾಕೋ ಹೇಳ್ಲಿಲ್ಲ?"

"ನಿಮ್ಮ ಮಾತು ಹೆಂಗೆ ಮೀರ್ಲಿ?"

ಅವರು ಬಹಳ ಹೊತ್ತು ನನ್ನ ತಲೆ ಸವರಿದರು. ಆಮೇಲೆ ಒಳಗೆ ಹೋಗಿ, ಬೆಳಿಗ್ಗೆ ಮಡಿಸಿಟ್ಟಿದ್ದ ಕಪ್ಪು ಬಟ್ಟೆಯನ್ನು ಮತ್ತೆ ಉಟ್ಟು, ಹರಕು ಚಾಪೆ ಸುತ್ತಿಕೊಂಡು ಬಂದು ನೆಂಟರ ನಡುವೆ ಕೂತರು.