ನಾಲ್ಕನೇ ಜ್ವರ

ಸಾದಲಿಯಿಂದ ಆಚೆ, ಬಸ್ಸು ಹೋಗದ ಹಳ್ಳಿಗಳಲ್ಲಿ ಯೇಸುವಿನ ಹೆಸರನ್ನು ಯಾರೂ ಕೇಳಿರಲಿಲ್ಲ. ಆ ಹೆಸರನ್ನು ಹೇಳಬೇಕೆಂದೇ ಎಂಬತ್ತಾರನೇ ಇಸವಿಯಲ್ಲಿ ಉಡುಪಿ ಕಡೆಯ ಜಯಶೀಲನೆಂಬ ಉಪದೇಶಿ ಶಿಡ್ಲಘಟ್ಟಕ್ಕೆ ಬಂದು ಒಂದು ಕೋಣೆ ಹಿಡಿದಿದ್ದ. ಒಳ್ಳೆಯವನು, ಆದರೆ ಆತುರದವನು. ಸಮುದ್ರದ ಪಕ್ಕ ಹುಟ್ಟಿದವನಿಗೆ ಮೀನಿನ ಬಲೆ ಗೊತ್ತಿತ್ತು, ರೇಷ್ಮೆ ಹುಳ ಗೊತ್ತಿರಲಿಲ್ಲ. ಮಳೆಗಾಲವಿಡೀ ಊರೂರು ಸುತ್ತಿದ. ಜನ ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು, ಕಿವಿ ಮಾತ್ರ ಕೊಡಲಿಲ್ಲ. "ನಿಮ್ಮ ಕನ್ನಡ ಪುಸ್ತಕದಾಗೆ ಇರೋ ಹಂಗೇ ಐತೆ ಸ್ವಾಮಿ" ಎಂದು ಹೊಗಳಿ, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದರು. ಒಂದೇ ಒಂದು ಮನೆ ತನ್ನ ಮಾತಿಗೆ ಬಾಗಿಲು ತೆರೆದರೆ ಸಾಕೆಂದು ಅವನು ದೇವರನ್ನು ಬೇಡಿಕೊಳ್ಳುತ್ತಿದ್ದ.

ಅವರೆಕಾಯಿ ಕಾಲ. ಒಂದು ಮಧ್ಯಾಹ್ನ ಅಂಥದೊಂದು ಹಳ್ಳಿಗೆ ನಡೆದು ಬಂದ. ಜಗಲಿಯ ಮೇಲೆ ಕಾಯಿ ಸುಲಿಯುತ್ತ ಕೂತಿದ್ದ ಗಂಗುಲಮ್ಮ ಎಂಬ ಮುದುಕಿಯನ್ನು, ಎದುರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದ.

"ಆಂಜಿನಮ್ಮನ ಮನೆ ಕಣಪ್ಪ. ಈಗ ಹೋಗ್ಬೇಡ. ಎಲ್ಲಾ ಜ್ವರಕ್ಕೆ ಕೂತವೆ."

"ಅಯ್ಯೋ, ಎಲ್ಲರಿಗೂ ಜ್ವರವಾ?"

"ಎಲ್ಲಕ್ಕೂ ಕಣಪ್ಪ. ನಾಲ್ಕನೇದು. ಇದೊಂದು ಎದ್ಬಿಟ್ರೆ ಗೆದ್ಲು ಅವಳು. ಗಂಡ ಸತ್ತ ಮೇಲೆ ಒಬ್ಳೇ ಒದ್ದಾಡ್ತಾವ್ಳೆ, ಪಾಪ."

ಜಯಶೀಲನ ಎದೆ ಹಿಂಡಿತು. ಗಂಡನಿಲ್ಲದ ಹೆಂಗಸು, ಮನೆ ತುಂಬ ಮಕ್ಕಳು, ಮತ್ತೆ ಮತ್ತೆ ಬರುವ ಜ್ವರ. ದೇವರು ತೋರಿಸಿದ ಬಾಗಿಲು ಇದೇ ಅಂದುಕೊಂಡ. ಮುದುಕಿ ಬೇಡವೆನ್ನುವಷ್ಟರಲ್ಲಿ ಬೀದಿ ದಾಟಿ, ಬಾಗಿಲಿಗೆ ಇಳಿಬಿಟ್ಟಿದ್ದ ಒದ್ದೆ ಗೋಣಿಯನ್ನು ಸರಿಸಿ ಒಳಗೆ ನುಗ್ಗಿದ. ಕತ್ತಲೆ. ಗೋಡೆಯುದ್ದಕ್ಕೂ ಏನೋ ಅಟ್ಟಣಿಗೆಗಳು. ಒಂದು ನರಳಾಟವೂ ಕೇಳಿಸಲಿಲ್ಲ. ಎಲ್ಲರಿಗೂ ಎಚ್ಚರ ತಪ್ಪಿದೆಯೆಂದು ಹೆದರಿ ಅಲ್ಲೇ ಮೊಣಕಾಲೂರಿ ಕಂಠವೆತ್ತಿ ಪ್ರಾರ್ಥಿಸಿದ.

"ಯೇಸು ಸ್ವಾಮೀ, ಈ ಮನೆಯ ಜ್ವರವನ್ನು ಬಿಡಿಸು! ಮಲಗಿರುವ ಈ ಕಂದಮ್ಮಗಳೆಲ್ಲ ನಿನ್ನ ಹೆಸರಿನಲ್ಲಿ ಏಳಲಿ!"

ಹಿತ್ತಲ ಕಡೆಯಿಂದ ಆಂಜಿನಮ್ಮ ಓಡಿಬಂದಳು. "ಯಾರೋ ಅದು! ಚಪ್ಪಲಿ ಹಾಕ್ಕೊಂಡು ಹುಳದ ಮನೆಗೆ ಬಂದವ್ನೆ! ಭಾವಾ! ಬಾ ಭಾವಾ, ನನ್ನ ಹುಳ ಹೋಯ್ತು!"

ಹುಳ ಸಾಕುವ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಪೊರೆ ಕಳಚಲು ಕೂತರೆ ಅದಕ್ಕೆ ಜ್ವರ ಎನ್ನುತ್ತಾರೆ. ಪೊರೆ ಬಿಟ್ಟು ಮತ್ತೆ ಹಸಿವಾದರೆ ಜ್ವರ ಎದ್ದಿತು ಎನ್ನುತ್ತಾರೆ. ನಾಲ್ಕನೆಯದು ಕೊನೆಯದು, ಕಷ್ಟದ್ದು. ಆಗ ಮುಟ್ಟಬಾರದು, ಸದ್ದು ಮಾಡಬಾರದು, ಹೊರಗಿನವರು ಕಾಲಿಡಬಾರದು. ಜಯಶೀಲ ಊರಿನ ಧೂಳನ್ನೆಲ್ಲ ಚಪ್ಪಲಿಯಲ್ಲಿ ತಂದಿದ್ದ. ತಲೆನೋವಿಗೆ ಹಚ್ಚಿಕೊಂಡ ಮುಲಾಮಿನ ಘಾಟು ಬೇರೆ.

ಆಂಜಿನಮ್ಮನ ಹಿಂದಿನ ಎರಡು ಬೆಳೆಯೂ ಕೆಟ್ಟಿದ್ದವು. ಇದೂ ಕೆಟ್ಟರೆ ಹುಳದ ಮನೆಯನ್ನೂ ಹಿಪ್ಪುನೇರಳೆ ತೋಟವನ್ನೂ ತನಗೆ ಬಿಟ್ಟುಕೊಡಬೇಕೆಂದು ಅವಳ ಭಾವ, ಸತ್ತ ಗಂಡನ ಅಣ್ಣ ಬಯ್ಯಪ್ಪ, ಊರವರ ಮುಂದೆಯೇ ಹೇಳಿದ್ದ. ಹೆಂಗಸಿಗೆ ಹುಳದ ಕೆಲಸ ಆಗದು ಎಂಬುದು ಅವನ ವಾದ. ಈಗ ಅವನು ಜಯಶೀಲನ ರಟ್ಟೆ ಹಿಡಿದು ಬೀದಿಗೆಳೆದು, ಎದುರಿನ ಕಲ್ಲಿನ ಮೇಲೆ ಕೂರಿಸಿದ.

"ಏನಂದೆ ಒಳಗೆ?"

"ಮಕ್ಕಳಿಗೆ ಜ್ವರ ಅಂತ ತಿಳಿದು ಪ್ರಾರ್ಥನೆ ಮಾಡಿದೆ ಮಾರಾಯ್ರೆ. ತಪ್ಪಾಯಿತು."

"ಹುಳಕ್ಕೆ ಪ್ರಾರ್ಥನೆ!" ಯಾರೋ ನಕ್ಕರು. ಬಯ್ಯಪ್ಪ ನಗಲಿಲ್ಲ. "ಮಂತ್ರ ಹಾಕ್ದೆಯೋ ಮಾಟ ಮಾಡ್ದೆಯೋ, ನಾಳೆ ಗೊತ್ತಾಯ್ತದೆ. ಹುಳ ಎದ್ರೆ ನಿನ್ನ ಕಾಲ ಮೇಲೆ ನೀನು ಹೋಗ್ತೀಯ. ಏಳದಿದ್ರೆ ಯಾರಾದ್ರೂ ಹೊತ್ಕೊಂಡು ಹೋಗ್ಬೇಕಾಯ್ತದೆ."

ಸಂಜೆಗೆ ಗಂಗುಲಮ್ಮ ಮುದ್ದೆಯಿಟ್ಟು, ಮೇಲೆ ಅವರೆಕಾಳಿನ ಸಾರು ಬಿಟ್ಟಳು. ಅವನಿಗೆ ತುತ್ತು ಇಳಿಯಲಿಲ್ಲ.

"ಏನಪ್ಪ, ಹುಳದ ಜೊತೆ ನೀನೂ ಜ್ವರಕ್ಕೆ ಕೂತ್ಬಿಟ್ಯಾ?" ಎಂದಳು ಮುದುಕಿ. "ತಿನ್ನು. ನಾಳೆ ಹೊಡೆಸ್ಕೊಳ್ಳೋಕಾದ್ರೂ ಮೈಯಾಗೆ ಕಸುವು ಬೇಕಲ್ಲ."

ರಾತ್ರಿ ಅವಳ ಜಗಲಿಯ ಮೇಲೆ ಕಳೆಯಿತು, ಬಯ್ಯಪ್ಪನ ಆಳು ಕಾವಲಿದ್ದ. ಪ್ರಾರ್ಥಿಸಲು ಕೂತರೆ ಹುಳವೂ ನೆನಪಾಗದು, ಆ ಹೆಂಗಸೂ ನೆನಪಾಗಳು. ಬಾಯಿಗೆ ಬರುತ್ತಿದ್ದುದು ಒಂದೇ ಮಾತು, ನನ್ನನ್ನು ಕಾಪಾಡು. ಭಯ ಇದ್ದಾಗ ಮನುಷ್ಯನ ಪ್ರಾರ್ಥನೆ ಎಷ್ಟು ಚಿಕ್ಕದಾಗುತ್ತದೆ! ದೇವರು ಅದನ್ನೂ ಕೇಳುತ್ತಾನೆ.

ಬೆಳಗಾಯಿತು. ಆಳು ಅವನನ್ನು ಮತ್ತೆ ಕಲ್ಲಿನ ಮೇಲೆ ತಂದು ಕೂರಿಸಿದ. ಆಂಜಿನಮ್ಮ ಒಳಗೆ ಹೋದವಳು ಹೊರಗೆ ಬರಲಿಲ್ಲ. ಜನ ಬಂದು ನಿಂತರು. ಬಿಸಿಲು ಮಾಡಿನಿಂದ ಅಂಗಳಕ್ಕಿಳಿಯಿತು. ಕೊನೆಗೆ ಗೋಣಿಯಂಚಿನಿಂದ ಅವಳ ಮುಖ ಕಾಣಿಸಿತು.

"ಮೇಲಿನ ತಟ್ಟೆ ಹುಳ ಎದ್ದವೆ. ಕೆಳಗಿನವು ಅಲುಗ್ತಿಲ್ಲ."

"ಅವನು ಮೊಣಕಾಲೂರಿದ್ದು ಕೆಳಗೇ ಅಲ್ವಾ?" ಎಂದ ಬಯ್ಯಪ್ಪ.

ಬಿಸಿಲು ಅಂಗಳ ದಾಟಿ ಕಲ್ಲಿನ ಬುಡಕ್ಕೆ ಬಂದಾಗ ಒಳಗಿನಿಂದ ಕೂಗು ಬಂತು. "ಎದ್ವು! ಎಲ್ಲಾ ಎದ್ವು! ಒಂದೂ ಸತ್ತಿಲ್ಲ ಭಾವ, ಕೆಳಗಿನವೂ ಎದ್ದವೆ!"

ಗಂಗುಲಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಏಳ್ಲಿ ಅಂದ, ಎದ್ವು! ನನ್ನ ಕಿವಿಯಾರೆ ಕೇಳಿದ್ದೀನಿ! ಯಾವ ದೇವ್ರಪ್ಪ ಅದು?"

ಜನ ಕಲ್ಲಿನ ಸುತ್ತ ನೆರೆದರು. ಕೋನಪ್ಪನೆಂಬುವನು ಅವನ ಕಾಲು ಮುಟ್ಟಿದ. "ನಮ್ಮನೆಗೂ ಬಾ ಸ್ವಾಮಿ, ನಮ್ಮದು ಮೂರನೇ ಜ್ವರದಾಗವೆ. ಅದೇನೋ ಹೆಸ್ರು ಹೇಳ್ದಲ್ಲ, ಅದನ್ನೇ ಹೇಳು." ಬಯ್ಯಪ್ಪ ಕೂಡ ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಒಂದು ಮನೆ ಸಾಕೆಂದು ಬೇಡಿದವನ ಮುಂದೆ ಇಡೀ ಊರು ನಿಂತಿತ್ತು. ಹೌದೆಂದು ತಲೆಯಾಡಿಸಿದರೆ ಸಾಕಿತ್ತು. ಬಾಯಿ ತೆರೆಯುವುದೂ ಬೇಕಿರಲಿಲ್ಲ. ನಿನ್ನೆಯ ಬೆದರಿಕೆಗಿಂತ ಈ ಕೈಮುಗಿತ ಅವನನ್ನು ಹೆಚ್ಚು ಹೆದರಿಸಿತು.

"ಆಂಜಿನಮ್ಮ," ಎಂದ ಜಯಶೀಲ. "ನಾನು ಬಾರದೆ ಇದ್ದಿದ್ದರೆ ಹುಳ ಏಳುತ್ತಿರಲಿಲ್ಲವಾ?"

ಅವಳು ಯೋಚಿಸಿದಳು. "ಏಳ್ತಿದ್ವು. ಹೊತ್ತು ಆಗಿತ್ತು. ಈ ಸಲ ಸೊಪ್ಪು ಚೆನ್ನಾಗಿತ್ತು, ನಾನೂ ಚೆನ್ನಾಗಿ ನೋಡ್ಕೊಂಡಿದ್ದೆ."

"ಹಾಗಾದರೆ ಕೇಳಿ. ಇದು ಪವಾಡ ಅಲ್ಲ. ನಾನು ಕೇಳಿಕೊಂಡದ್ದು ಮಕ್ಕಳಿಗಾಗಿ, ಒಳಗೆ ಮಕ್ಕಳೇ ಇರಲಿಲ್ಲ. ರಾತ್ರಿ ಕೇಳಿಕೊಂಡದ್ದು ನನ್ನ ಬೆನ್ನಿಗಾಗಿ. ಹುಳವನ್ನು ಬೆಳೆಸಿದ್ದು ಈಯಮ್ಮ. ಆ ಹೆಸರು ಹೇಳಿದರೆ ಜ್ವರ ಏಳುತ್ತದೆ ಅಂತ ನಾನು ನಿಮಗೆ ಸುಳ್ಳು ಹೇಳಲಾರೆ."

ಕೋನಪ್ಪ ಕಾಲು ಮುಟ್ಟಿದ ಕೈಯನ್ನು ಪಂಚೆಗೆ ಒರೆಸಿಕೊಂಡ. "ಥೂ! ಹುಳಾನೂ ಎಬ್ಬಿಸ್ದೆ ಇರೋ ದೇವ್ರನ್ನ ಹೊತ್ಕೊಂಡು ಅಷ್ಟು ದೂರದಿಂದ ಬಂದವ್ನೆ!" ನಗೆಯೆದ್ದಿತು. ನಗುತ್ತಲೇ ಜನ ಚದುರಿದರು. ಬಯ್ಯಪ್ಪ ಟವಲನ್ನು ಹೆಗಲಿಗೆ ಹಾಕಿಕೊಂಡ.

"ಎದ್ದು ನಡಿ. ಇನ್ನೊಂದ್ಸಾರಿ ಈ ಕಡೆ ತಲೆ ಹಾಕ್ಬೇಡ."

ಜಯಶೀಲ ಎದ್ದ. ಕಾಲು ಜೋಮು ಹಿಡಿದಿತ್ತು. ಕುಂಟುತ್ತ ಊರಬಾಗಿಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಕೇಳಿಸಿತು. ಆಂಜಿನಮ್ಮ, ಕೈಯಲ್ಲಿ ಕುಡುಗೋಲು, ಹಗ್ಗ.

"ನಿಂತ್ಕೊಳ್ಳಪ್ಪ. ಊರೇ ಕಾಲಿಗೆ ಬೀಳ್ತಿತ್ತಲ್ಲ. ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಜಯಶೀಲ ತಿರುಗಿ ನಿಂತ. "ಯಾರ ವಿಷಯ ಹೇಳಲು ಬಂದೆನೋ ಅವರಿಗೆ ಸುಳ್ಳು ಆಗದು ಅಮ್ಮ."

"ಯಾರವ್ರು?"

ಪವಾಡದ ಆಸೆಯಿಲ್ಲದೆ ಮಳೆಗಾಲದಿಂದ ಯಾರೂ ಕೇಳದ ಪ್ರಶ್ನೆ. ಅವನು ಬಾಯಿ ತೆರೆದ, ಅವಳು ಕೈಯಡ್ಡ ಹಿಡಿದಳು.

"ಇಲ್ಲಿ ನಿಂತು ಬೇಡ. ಜ್ವರ ಎದ್ದ ಹುಳ, ಬಕಾಸುರನಂಗೆ ತಿಂತವೆ. ಸೊಪ್ಪು ಹೊರೋರಿಲ್ಲ ನಂಗೆ. ತೋಟಕ್ಕೆ ಬಾ, ಎರಡು ಹೊರೆ ಹೊತ್ತು ಹಾಕು. ಹೇಳೋದೇನಿದ್ರೂ ದಾರೀಲಿ ಹೇಳು."

"ನಿಮ್ಮ ಭಾವ?"

"ಹುಳ ಎದ್ದವಲ್ಲ. ತೋಟ ಈಗ ನಂದು."

ಅವಳು ಬದುವಿಗೆ ತಿರುಗಿ ಮುಂದೆ ನಡೆದಳು. ಜಯಶೀಲ ಪ್ಯಾಂಟು ಮಡಿಸಿಕೊಂಡು ಹಿಂದೆಯೇ ಹೋದ, ಮೊದಲ ಮಾತು ಯಾವುದಾಗಬೇಕೆಂದು ಹುಡುಕುತ್ತ.