ನೀರಿನ ಸಾಲು

ಬರೀ ನೀರು ಹಾಕಿದ್ದ ಸಾಲಿನಲ್ಲಿ ಎರಡು ಗುಳಿ ಇವತ್ತೂ ನೀಲಿಯಾದವು. ಲ್ಯಾಬಿನ ಮುಖ್ಯಸ್ಥೆ ಗುಳಿಗುಳಿಯ ಪ್ಲಾಸ್ಟಿಕ್ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. ಮನುಷ್ಯರ ಎಂಜಲಿನಲ್ಲಿ ಪಿಷ್ಟ ಕರಗಿಸುವ ಅಮೈಲೇಸ್ ಇರುತ್ತದಲ್ಲ, ಅದನ್ನು ಹುಡುಕಿ ಹಿಡಿಯುವ ಆ್ಯಂಟಿಬಾಡಿಯ ಪರೀಕ್ಷೆ ಅದು. ಎಂಜಲಿದ್ದ ಗುಳಿ ನೀಲಿಯಾಗಬೇಕು, ನೀರಿದ್ದದ್ದು ತೆಪ್ಪಗಿರಬೇಕು. ಎಂಜಲು ಹುಡುಕುವ ಸರಕು ಆ ಲ್ಯಾಬಿಗೆ ಇದೇ ಮೊದಲು. ಎಂಟು ತಿಂಗಳು ಮೊಲ ಸಾಕಿ, ಅವುಗಳ ರಕ್ತದಿಂದ ತಯಾರಿಸಿದ್ದು. ಕಂಡಕಂಡಲ್ಲಿ ಬಣ್ಣ ತಿರುಗಿದರೆ ಯಾರಿಗೆ ಬೇಕು? ಸಂಜೆ ಎಲ್ಲವನ್ನೂ ಚೆಲ್ಲಿಬಿಡೋಣ ಎಂದಳು.

ರೇಡಿಯೋ ಅಕ್ಕ ಪಕ್ಕದಲ್ಲೇ ನಿಂತಿದ್ದರು. ಇಪ್ಪತ್ತೇಳು ವರ್ಷದಿಂದ ಗುಳಿಗಳಿಗೆ ಹನಿ ಹಾಕುತ್ತ ಬಂದ ಕೈ ಅವರದು. ಮುಖ್ಯಸ್ಥೆಗೆ ಹನಿ ಹಾಕುವ ಪಿಪೆಟ್ ಹಿಡಿಯಲು ಕಲಿಸಿದ್ದೂ ಅವರೇ. ಕೈ ಎಷ್ಟು ಬಿಗಿಯೋ ಬಾಯಿ ಅಷ್ಟೇ ಸಡಿಲ. ಮಾಸ್ಕ್ ಸದಾ ಗದ್ದದ ಕೆಳಗೆ. ಗಂಡನ ಗೊರಕೆ, ನಾದಿನಿಯ ಜಂಬ, ಬಸ್ಸಿನಲ್ಲಿ ಕಂಡ ಜಗಳ ಎಲ್ಲವೂ ಹನಿಯ ಜೊತೆಗೇ ಬೀಳುತ್ತಿದ್ದವು. ಅದಕ್ಕೇ ಆ ಹೆಸರು.

ಅವರು ದಾಖಲೆಯ ಪುಸ್ತಕ ತಿರುವಿದರು. ನೀರಿನ ಸಾಲಿನಲ್ಲಿ ಸೋಮವಾರ ಮೂರು ಗುಳಿ ನೀಲಿ, ಮಂಗಳವಾರ ಎರಡು, ಗುರುವಾರ ನಾಲ್ಕು. ಬುಧವಾರ ಮಾತ್ರ ಒಂದೂ ಇಲ್ಲ. ಏನೋ ಅಪ್ಪಿತಪ್ಪಿ ಸರಿಹೋಗಿದೆ ಎಂದು ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಬುಧವಾರ ಅಕ್ಕ ದವಡೆಹಲ್ಲು ಕೀಳಿಸಿಕೊಂಡು ಬಂದಿದ್ದರು. ಬಾಯಿತುಂಬ ಹತ್ತಿ. ಇಡೀ ದಿನ ತುಟಿ ಬಿಚ್ಚಿರಲಿಲ್ಲ.

ಅವರ ಕೆನ್ನೆ ಬಿಸಿಯಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸರಕು ಹೋಗುತ್ತದೆ, ತನ್ನ ಹೆಸರು ಉಳಿಯುತ್ತದೆ. ಆದರೂ ಎರಡು ಹೊಸ ತಟ್ಟೆ ಎಳೆದುಕೊಂಡರು.

"ಇಲ್ಲಿ ಬಾ ತಾಯಿ. ಅದರದ್ದೇನೂ ತಪ್ಪಿಲ್ಲ ಅನ್ಸುತ್ತೆ. ನಂದೇ."

ಮೊದಲ ತಟ್ಟೆಗೆ ಮಾಸ್ಕ್ ಏರಿಸಿಕೊಂಡು, ತುಟಿಪಿಟಕ್ಕೆನ್ನದೆ ನೀರು ಹಾಕಿದರು. ಎರಡನೆಯದಕ್ಕೆ ಮಾಸ್ಕ್ ಇಳಿಸಿ, ಬಗ್ಗಿ ಅದೇ ನೀರು ಹಾಕುತ್ತಲೇ, ನಾದಿನಿ ಹೊಸ ಬೀರುವಿಗೆ ಡಬಲ್ ಬೀಗ ಮಾಡಿಸಿ ಎರಡೂ ಬೀಗದಕೈಗಳನ್ನು ಅದರೊಳಗೇ ಬಿಟ್ಟ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದರು. ಮುಖ್ಯಸ್ಥೆ ಬಾಯಿಗೆ ಕೈ ಅಡ್ಡ ಹಿಡಿದಳು.

"ನಗೋದಿದ್ರೆ ಬಾಗಿಲ ಹತ್ರ ಹೋಗಿ ನಗು. ಮೊದಲನೇದೂ ಕೆಟ್ಟೋಗುತ್ತೆ," ಎಂದರು ಅಕ್ಕ.

ಪರೀಕ್ಷೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಥೆ ಕೇಳಿದ ತಟ್ಟೆಯಲ್ಲಿ ಐದು ಗುಳಿ ನೀಲಿ. ಇನ್ನೊಂದು ತಿಳಿಯಾಗಿಯೇ ಇತ್ತು.

"ನಿಮ್ಮ ಮಾತಿನ ತುಂತುರನ್ನೂ ಬಿಟ್ಟಿಲ್ವಲ್ಲ ಅಕ್ಕಾ ಇದು," ಎಂದಳು ಮುಖ್ಯಸ್ಥೆ ಮೆಲ್ಲಗೆ. "ಇಷ್ಟು ಚುರುಕಿಂದು ನಾವು ಮಾಡೇ ಇರ್ಲಿಲ್ಲ." ಪೆನ್ನು ತೆಗೆದು, ದಾಖಲೆಯಲ್ಲಿ ಏನಂತ ಹಾಕಲಿ ಎಂದು ಅನುಮಾನಿಸಿದಳು.

"ಆಗಿದ್ದನ್ನೇ ಬರಿ. ಹನಿ ಹಾಕುವವಳು ಮಾತಾಡಿದಳು ಅಂತ."

ಸಂಜೆಯವರೆಗೆ ಇಬ್ಬರೂ ಮಾಸ್ಕ್ ಕಟ್ಟಿಕೊಂಡು ಪುಟ್ಟ ಸೀಸೆಗಳಿಗೆ ಸರಕು ತುಂಬಿದರು. ಮುಗಿಸಿ ಹೊರಗಿನ ಬೆಂಚಿಗೆ ಬಂದಾಗ ಅಕ್ಕನ ಕೆನ್ನೆಯ ಮೇಲೆ ದಾರದ ಗೆರೆ ಮೂಡಿತ್ತು. ಮುಖ್ಯಸ್ಥೆ ಈಗ ಮಾತು ಶುರುವಾಗುತ್ತದೆ ಎಂದು ಕಾದಳು. ಅಕ್ಕ ಬಾಯಿ ತೆರೆದರು. ಯಾಕೋ ಏನೂ ತೋಚಲಿಲ್ಲ. ಕಾಲು ಚಾಚಿ ಕೂತು, ಎದುರಿನ ಗೋಡೆಯಲ್ಲಿ ಬಿಸಿಲು ಒಂದೊಂದೇ ಇಟ್ಟಿಗೆ ಬಿಟ್ಟು ಮೇಲೇರುವುದನ್ನು ನೋಡಿದರು.